ಹೃದಯ ನಿಂತದ್ದು ಕಾರಣವಲ್ಲ

ಇಪ್ಪತ್ತೆರಡು ವರ್ಷ ನಾನು ಸತ್ತವರ ಕಾಗದ ಓದುವ ಕೆಲಸ ಮಾಡಿದೆ. ಅಂಕಿ ಅಂಶಗಳ ಸರ್ಕಾರಿ ಕಚೇರಿಯಲ್ಲಿ ನಮ್ಮದೊಂದು ಸಣ್ಣ ವಿಭಾಗ. ಆಸ್ಪತ್ರೆ, ನರ್ಸಿಂಗ್ ಹೋಮುಗಳಿಂದ ಸಾವಿನ ಕಾರಣ ಬರೆದ ಪ್ರಮಾಣಪತ್ರಗಳು ನಮ್ಮ ಮೇಜಿಗೆ ಬರುತ್ತಿದ್ದವು. ಡಾಕ್ಟರು ಗೀಚಿದ್ದನ್ನು ಓದಿ, ಆ ಕಾಯಿಲೆಗೆ ಸರಿಯಾದ ಕೋಡ್ ಹಾಕುವುದು ನನ್ನ ಪಾಲಿನ ಕೆಲಸ. ಆ ಕೋಡುಗಳೆಲ್ಲ ಸೇರಿ, ರಾಜ್ಯದಲ್ಲಿ ಜನ ಯಾವುದರಿಂದ ಸಾಯುತ್ತಿದ್ದಾರೆ ಎಂದು ಹೇಳುವ ಪುಸ್ತಕವಾಗುತ್ತಿತ್ತು. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದವರು "ಏನ್ ಕೆಲ್ಸ ನಿಮ್ದು?" ಎಂದು ಕೇಳಿದರೆ "ಸ್ಟಾಟಿಸ್ಟಿಕ್ಸ್" ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಶುಭಕಾರ್ಯದ ಮನೆಯಲ್ಲಿ ಇನ್ನೇನು ಹೇಳುವುದು?

ನನಗೆ ಕೆಲಸ ಕಲಿಸಿದ್ದು ಹಿರಿಯ ಮೇಡಂ ಒಬ್ಬರು. ಮೊದಲ ವಾರ ಒಂದು ಕಾಗದದಲ್ಲಿ 'ಹೃದಯ ಸ್ತಂಭನ' ಎಂದಷ್ಟೇ ಇತ್ತು. ನಾನು ಹೃದಯದ ಕಾಯಿಲೆಯ ಕೋಡ್ ಹುಡುಕುತ್ತಿದ್ದೆ. ಅವರು ಪುಸ್ತಕ ಮುಚ್ಚಿದರು. "ಇದು ಕಾರಣ ಅಲ್ಲ ಕಣಮ್ಮ. ಹೃದಯ ನಿಲ್ದೆ ಸಾಯೋರು ಯಾರಾದ್ರೂ ಇದಾರಾ? ಯಾಕ್ ನಿಲ್ತು ಅಂತ ಕೇಳು" ಎಂದು ಫೋನನ್ನು ನನ್ನ ಕಡೆ ತಳ್ಳಿದರು. ಅಂದಿನಿಂದ ನಾನು ಫೋನ್ ಮಾಡುತ್ತಲೇ ಬಂದೆ. ಡಾಕ್ಟರುಗಳು ರೇಗುತ್ತಿದ್ದರು, ಆಮೇಲೆ ಮಾಡಿ ಎಂದು ಇಟ್ಟುಬಿಡುತ್ತಿದ್ದರು. ಹತ್ತರಲ್ಲಿ ಇಬ್ಬರೋ ಮೂವರೋ ಹಳೆಯ ಕಡತ ತೆಗೆಸಿ ನೋಡಿ ಹೇಳುತ್ತಿದ್ದರು. ಆ ಇಬ್ಬರು ಮೂವರಿಗಾಗಿಯೇ ಉಳಿದವರ ಬೈಗುಳ ಕೇಳಿಸಿಕೊಂಡೆ.

ಎರಡು ವರ್ಷದ ಹಿಂದೆ ಕೃತಕ ಬುದ್ಧಿಮತ್ತೆ ಬಂತು. ಗೋಡೆಗೆ ಬ್ಯಾನರ್ ಕಟ್ಟಿದರು, ಎಲ್ಲರಿಗೂ ಮೈಸೂರ್ ಪಾಕ್ ಕೊಟ್ಟರು. ಪ್ರಮಾಣಪತ್ರವನ್ನು ಸ್ಕ್ಯಾನ್ ಮಾಡಿದರೆ ಸಾಕು, ಕಂಪ್ಯೂಟರೇ ಓದಿ ಕೋಡ್ ಹಾಕುತ್ತದೆ. ಖಾತ್ರಿ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನಾನು ಕೆಂಪು ಮಾತ್ರ ನೋಡಿದರೆ ಆಯಿತು.

ನಿಜ ಹೇಳುತ್ತೇನೆ, ಮೊದಲ ತಿಂಗಳು ನನಗೆ ಹಾಯೆನಿಸಿತು. ನನ್ನ ಕಣ್ಣು ಹಾಳಾದದ್ದೇ ಡಾಕ್ಟರುಗಳ ಕೈಬರಹದಿಂದ. ಅದು ಮಾತ್ರ ಎಂಥ ಗೀಚನ್ನೂ ಓದುತ್ತಿತ್ತು. ಆಮೇಲೆ ಒಂದು ದಿನ 'ಹೃದಯ, ಶ್ವಾಸ ಸ್ತಂಭನ' ಎಂದಷ್ಟೇ ಇದ್ದ ಕಾಗದಕ್ಕೂ ಹಸಿರು ಬಿದ್ದಿದ್ದು ನೋಡಿದೆ. ಕೋಡ್ ಕ್ಷಯರೋಗದ್ದು. ಡಾಕ್ಟರು ಬರೆಯದೇ ಇದ್ದದ್ದು ಇದಕ್ಕೆ ಹೇಗೆ ಗೊತ್ತಾಯಿತು?

ಪ್ರಾಜೆಕ್ಟಿನ ಉಸ್ತುವಾರಿ ಹೊತ್ತಿದ್ದ ಹೆಂಗಸು ನಗುನಗುತ್ತಲೇ ವಿವರಿಸಿದಳು. "ಮಾಹಿತಿ ಕಮ್ಮಿ ಇದ್ರೆ ಸಿಸ್ಟಮ್ ವಯಸ್ಸು, ಏರಿಯಾ ಎಲ್ಲ ನೋಡುತ್ತೆ ಮೇಡಂ. ಅಂಥೋರು ಸಾಮಾನ್ಯವಾಗಿ ಯಾವ್ದ್ರಿಂದ ಸಾಯ್ತಾರೋ ಅದನ್ನ ತುಂಬುತ್ತೆ."

"ಅಂದ್ರೆ ಊಹೆ."

"ಊಹೆ ಅಲ್ಲ ಮೇಡಂ, ಅಂದಾಜು."

ಆ ಎರಡು ಪದಗಳ ನಡುವಿನ ವ್ಯತ್ಯಾಸ ನನಗೆ ಇವತ್ತಿಗೂ ತಿಳಿದಿಲ್ಲ.

ಅಂದಿನಿಂದ ಊಟದ ಹೊತ್ತಿನಲ್ಲಿ ಹಸಿರು ಬಿದ್ದವನ್ನೂ ತೆಗೆದು ನೋಡತೊಡಗಿದೆ. ಹಾಗೆ ಸಿಕ್ಕಿದವರು ಮೂವರು ಗಂಡಸರು. ಮೂವರಿಗೂ ನಲವತ್ತು ತುಂಬಿರಲಿಲ್ಲ. ಸತ್ತದ್ದು ಬೇರೆ ಬೇರೆ ನರ್ಸಿಂಗ್ ಹೋಮುಗಳಲ್ಲಿ. ಮೂವರ ಕಾಗದದಲ್ಲೂ ಸ್ತಂಭನ ಎಂದಷ್ಟೇ ಇತ್ತು, ಮೂವರಿಗೂ ಕ್ಷಯದ ಕೋಡ್. ಮನೆಯವರು ಬರೆಸುವ ಸಾವಿನ ವರದಿಯಲ್ಲಿ ಕಸುಬಿನ ಕಾಲಂ ಒಂದಿರುತ್ತದೆ. ಆ ಹಾಳೆಯನ್ನು ಸ್ಕ್ಯಾನ್‌ಗೆ ಕೊಡುತ್ತಿರಲಿಲ್ಲ. ನಾನು ತೆಗೆದು ನೋಡಿದೆ. ಮೂರರಲ್ಲೂ ಒಂದೇ ಮಾತು: ಎರಕದ ಕೆಲಸ, ನಗರ್ತಪೇಟೆ.

ಆ ಎರಕದ ಮನೆಗಳನ್ನು ನಾನು ಬಲ್ಲೆ. ಮಗಳ ಮದುವೆಯ ಓಲೆ ಮಾಡಿಸಿದ್ದು ಅಲ್ಲೇ. ಬಿಳಿ ಪುಡಿ ಕಲಸಿ ಅಚ್ಚು ಮಾಡುತ್ತಾರೆ, ಅದರೊಳಗೆ ಚಿನ್ನ ಹೊಯ್ಯುತ್ತಾರೆ, ಆರಿದ ಮೇಲೆ ಅಚ್ಚನ್ನು ಒಡೆದು ಒಡವೆ ತೆಗೆಯುತ್ತಾರೆ. ಕಿಟಕಿಯಿಲ್ಲದ ಕೋಣೆ. ಒಡೆದಾಗ ಏಳುವ ಪುಡಿಯಲ್ಲಿ ಎದುರಿಗೆ ಕೂತವನ ರೆಪ್ಪೆಯೂ ಬೆಳ್ಳಗಾಗಿತ್ತು. ಮೂಗಿಗೆ ಬಟ್ಟೆ ಕಟ್ಟಿದರೂ ನುಸುಳುವ ಅಂಥ ಪುಡಿ ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ ಬೇರೆ. ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಕೆಮ್ಮು, ಸವಕಳಿ ಎಲ್ಲ ಕ್ಷಯದಂತೆಯೇ, ಆದರೆ ಕ್ಷಯದ ಮಾತ್ರೆಗೆ ಜಗ್ಗುವುದಿಲ್ಲ.

ಮೂವರಲ್ಲಿ ಕೊನೆಗೆ ಸತ್ತವನ ಡಾಕ್ಟರಿಗೆ ಫೋನ್ ಮಾಡಿದೆ. "ಕಫದಲ್ಲಿ ಟೀಬಿ ಬರ್ಲೇ ಇಲ್ಲ. ಆದ್ರೂ ಟೀಬಿನೇ ಇರ್ಬೇಕು ಅಂತ ಟ್ರೀಟ್ಮೆಂಟ್ ಕೊಟ್ವಿ" ಎಂದರು. ಅವನು ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದೆ. "ಅದನ್ನೆಲ್ಲ ಯಾರ್ ಕೇಳ್ತಾರೆ ಮೇಡಂ" ಎಂದರು.

ಮುಂದೆ ನಾನು ಮಾಡಿದ್ದು ನಿಯಮಕ್ಕೆ ವಿರುದ್ಧ. ಸತ್ತವರ ಮನೆಗೆ ನಾವು ಹೋಗುವಂತಿಲ್ಲ. ಎರಡನೇ ಶನಿವಾರ ರಜೆಯಿತ್ತು, ಅವನ ವರದಿಯಲ್ಲಿದ್ದ ವಿಳಾಸ ಹಿಡಿದು ಓಕಳಿಪುರಂಗೆ ಹೋದೆ. ಅವರು ಆ ಮನೆ ಬಿಟ್ಟಿದ್ದರು. ಪಕ್ಕದವರು ರೈಲ್ವೆ ಹಳಿಯ ಕಡೆಯ ಇನ್ನೊಂದು ಗಲ್ಲಿ ತೋರಿಸಿದರು. ಅವನ ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಕೈಯಲ್ಲಿನ ಬ್ಯಾಗ್ ನೋಡಿದಳು. ಯಾವುದೋ ಇಲಾಖೆಯವಳು, ಇನ್ನೇನು ಕಿತ್ತುಕೊಳ್ಳಲು ಬಂದಿದ್ದಾಳೋ ಎಂಬ ನೋಟ. ನನ್ನ ಕೆಲಸ ಏನೆಂದು ಬಿಡಿಸಿ ಹೇಳಿದ ಮೇಲೆ ಚಾಪೆ ಹಾಸಿದಳು.

"ಅವ್ರ ಬಟ್ಟೆ ಒಗೆದ್ರೆ ನೀರು ಹಾಲಿನ್ ತರ ಆಗ್ತಿತ್ತು ಅಕ್ಕ" ಎಂದಳು. "ಹತ್ತ್ ತಿಂಗ್ಳು ಆ ಮಾತ್ರೆ ನುಂಗಿದ್ರು. ಒಂಚೂರೂ ಗುಣ ಕಾಣ್ಲಿಲ್ಲ. ಟೀಬಿ ಅಂತ ಗೊತ್ತಾಗಿದ್ದೇ ತಡ ಓನರ್ರು ಮನೆ ಖಾಲಿ ಮಾಡಿ ಅಂದ್ರು. ಇಸ್ಕೂಲಲ್ಲಿ ನನ್ ಮಗಳನ್ನ ಬೇರೆ ಬೆಂಚಲ್ಲಿ ಕೂರ್ಸಿದ್ರು. ಅವ್ಳಿಗೇನೂ ಇಲ್ಲ ಅಂತ ಚೆಕ್ ಮಾಡ್ಸಿ ಕಾಗ್ದ ತೋರ್ಸಿದ್ರೂ ಅಷ್ಟೇ."

ಅಟ್ಟದ ಮೇಲಿಂದ ಎಕ್ಸ್‌ರೇ ತೆಗೆದುಕೊಟ್ಟಳು. ನನಗೆ ಎಕ್ಸ್‌ರೇ ಓದಲು ಬರುವುದಿಲ್ಲ. ಆದರೂ ಕಿಟಕಿಗೆ ಹಿಡಿದು ನೋಡಿದೆ. ಎದೆಯ ತುಂಬ ಅಕ್ಕಿ ನುಚ್ಚು ಚೆಲ್ಲಿದಂತಿತ್ತು.

ಸೋಮವಾರ ಮೂರೂ ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದೆ. ಉಸ್ತುವಾರಿಯವಳೂ ಅಲ್ಲಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಸಾಹೇಬರು, "ಮೂರ್ ಕೇಸಿಗೆ ಇಡೀ ಸಿಸ್ಟಮ್ ನಿಲ್ಸೋಕಾಗುತ್ತಾ? ರಾಜ್ಯದ ಲೆಕ್ಕದಲ್ಲಿ ಮೂರು ಅಂದ್ರೆ ಏನೂ ಅಲ್ಲ" ಎಂದರು.

"ಮೂರು ಅಂತ ಯಾರು ಹೇಳಿದ್ದು ಸಾರ್? ನಾನು ನೋಡಿದ್ದು ಮೂರು."

ಆಗ ಉಸ್ತುವಾರಿಯವಳು ಮೆಲ್ಲಗೆ, ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದಳು: "ಮೇಡಂ, ಸಿಸ್ಟಮ್ ತಾನಾಗಿ ಏನೂ ಮಾಡಿಲ್ಲ. ನಿಮ್ಮ ಹಳೇ ಕೋಡುಗಳನ್ನೇ ಹಾಕಿ ಅದಕ್ಕೆ ಕಲ್ಸಿದ್ದು. ನೀವೇ ಅದರ ಟೀಚರ್."

ನೇರ ದಾಖಲೆ ಕೋಣೆಗೆ ಹೋಗಿ ಹಳೆಯ ಕಟ್ಟುಗಳನ್ನು ಬಿಚ್ಚಿದೆ. ಎರಡು ದಿನ ಧೂಳಿನಲ್ಲಿ ಕೂತೆ. ಸಿಕ್ಕರು. ಎರಕದ ಕೆಲಸ, ನಗರ್ತಪೇಟೆ. ಚಿಕ್ಕ ವಯಸ್ಸು. ಪಕ್ಕದಲ್ಲಿ ಕ್ಷಯದ ಕೋಡ್, ಅದರ ಕೆಳಗೆ ನನ್ನದೇ ಸಹಿ. ಡಾಕ್ಟರು ಕ್ಷಯ ಎಂದು ಬರೆದಿದ್ದರು, ನಾನು ಕ್ಷಯವೆಂದು ಹಾಕಿದ್ದೆ. ಕಾರಣದ ಜಾಗ ಖಾಲಿ ಇದ್ದಾಗ ಫೋನ್ ಮಾಡಿದವಳು, ಅದು ತುಂಬಿದ್ದಾಗ ಒಮ್ಮೆಯೂ ಕಸುಬಿನ ಕಾಲಂ ತಿರುವಿ ನೋಡಿರಲಿಲ್ಲ. ಕೆಲವು ಕಡೆ ತಿಂಗಳ ಕೊನೆಯ ಅವಸರದ ಸಹಿ, ನೋಡಿದರೇ ಗೊತ್ತಾಗುತ್ತದೆ.

ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಹುಟ್ಟಿದ್ದು ಅದೇ ಮೊದಲು. ಅದು ಸಿಟ್ಟಿಗೆ ತಿರುಗಲು ತುಂಬಾ ಹೊತ್ತು ಬೇಕಾಗಲಿಲ್ಲ. ಮತ್ತೆ ಸಾಹೇಬರ ಕೋಣೆಗೆ ಹೋದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ.

"ಹೌದು, ತಪ್ಪು ನಂದೇ" ಎಂದೆ. "ಆದ್ರೆ ನಾನ್ ತಪ್ ಮಾಡಿದ್ರೆ ನಾಳೆ ನನಗೆ ನಾಚಿಕೆ ಆಗ್ಬಹುದು, ಇನ್ನೊಬ್ರು ಬಂದು ತಿದ್ದಬಹುದು. ನೀವು ನನ್ನ ತಪ್ಪನ್ನ ತಗೊಂಡು ಹಸಿರು ಬಣ್ಣ ಬಳಿದು, ಯಾರೂ ನೋಡ್ಬೇಡಿ ಅಂತ ಬರ್ದಿದೀರ! ಇನ್ನು ಹತ್ತು ವರ್ಷ ಆ ಎರಕದ ಮನೆಲಿ ದುಡಿದೋರೆಲ್ಲ ಟೀಬಿಲೇ ಸಾಯ್ತಾರೆ. ಯಾಕೆ? ಹಿಂದೆ ಹಾಗೇ ಸತ್ತಿದ್ರು ಅಂತ!"

ನನ್ನ ದನಿ ಕಾರಿಡಾರಿನ ಆ ತುದಿಗೂ ಕೇಳಿತಂತೆ. ಸಾಹೇಬರು ನೀರಿನ ಲೋಟ ಮುಂದಿಟ್ಟರು. ನಾನು ಮುಟ್ಟಲಿಲ್ಲ. ಕಸುಬಿನ ಕಾಲಂ ಸ್ಕ್ಯಾನ್‌ಗೆ ಸೇರಿಸಿ ಎಂದು ಬರೆದುಕೊಟ್ಟೆ. 'ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು' ಎಂದು ಷರಾ ಬಂತು. ಎರಕದ ಮನೆಗಳನ್ನು ತಪಾಸಣೆ ಮಾಡಬೇಕಾದ ಇಲಾಖೆಗೆ ಸಾಹೇಬರಿಂದಲೇ ಒಂದು ಪತ್ರ ಹಾಕಿಸಿದೆ. ಆ ವಿಳಾಸದಲ್ಲಿ ನೋಂದಾಯಿತ ಘಟಕ ಯಾವುದೂ ಇಲ್ಲ ಎಂದು ಉತ್ತರ ಬಂತು. ನೋಂದಣಿ ಇಲ್ಲದ ಮೇಲೆ ಕೋಣೆಯೂ ಇಲ್ಲ, ಪುಡಿಯೂ ಇಲ್ಲ!

ಒಂದೇ ಒಂದು ಕೆಲಸವಾಯಿತು. ಓಕಳಿಪುರಂನ ಆ ಹೆಂಗಸನ್ನು ಕರೆದುಕೊಂಡು, ಎಕ್ಸ್‌ರೇ ಹಿಡಿದು ಅವಳ ಗಂಡನನ್ನು ನೋಡಿದ್ದ ಡಾಕ್ಟರ ಎದುರು ಕೂತೆ. ಅವರು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು. ಗೆಳೆಯರಾದ ಇನ್ನೊಬ್ಬ ಡಾಕ್ಟರಿಗೆ ಫೋಟೋ ಕಳಿಸಿ ಕೇಳಿದರು. "ನಂಗೆ ಹೊಳೀಬೇಕಿತ್ತು" ಎಂದರು, ನಮ್ಮ ಮುಖ ನೋಡದೆ. ವಾರದಲ್ಲಿ ತಿದ್ದಿದ ಪ್ರಮಾಣಪತ್ರ ಕೊಟ್ಟರು. ಉಳಿದಿಬ್ಬರ ಡಾಕ್ಟರುಗಳು ಒಪ್ಪಲಿಲ್ಲ. ಸತ್ತ ಆ ಇಬ್ಬರೂ ನಮ್ಮ ಲೆಕ್ಕದಲ್ಲಿ ಇನ್ನೂ ಕ್ಷಯದಲ್ಲೇ ಇದ್ದಾರೆ.

ಅವಳು ಆ ಕಾಗದ ತೆಗೆದುಕೊಂಡು ಮೊದಲು ಹೋದದ್ದು ಮಗಳ ಶಾಲೆಗೆ. ಮುಖ್ಯೋಪಾಧ್ಯಾಯಿನಿ ಓದಿ, "ಸರಿಯಮ್ಮ, ಈಗೇನ್ಮಾಡ್ಬೇಕು ಅಂತೀರಾ?" ಎಂದರಂತೆ.

"ನನ್ ಮಗಳನ್ನ ಮೊದ್ಲಿನ್ ಬೆಂಚಿಗೆ ಕಳ್ಸಿ ಅಂದೆ ಅಕ್ಕ. ನಾನ್ ನಿಂತಿದ್ ಹಾಗೇ ಕಳ್ಸಿದ್ರು" ಎಂದು ಫೋನಿನಲ್ಲಿ ಹೇಳಿದಳು.

ನನ್ನನ್ನು ಮಳೆ ಲೆಕ್ಕದ ವಿಭಾಗಕ್ಕೆ ಹಾಕಿದರು. ಶಿಕ್ಷೆ ಅಲ್ಲ, ಆಡಳಿತಾತ್ಮಕ ಕಾರಣ ಎಂದರು. ಹೋಗುವ ಮುನ್ನ ಹಳೆಯ ಕಟ್ಟುಗಳಲ್ಲಿ ನನಗೆ ಸಿಕ್ಕಿದ ಪ್ರತಿಯೊಂದರ ಮೇಲೂ 'ಈ ಕೋಡ್ ಸಂಶಯಾಸ್ಪದ' ಎಂದು ಬರೆದು ಸಹಿ ಹಾಕಿದೆ. ಅದನ್ನು ಯಾರಾದರೂ ಓದುತ್ತಾರೆಂಬ ಭರವಸೆ ನನಗಿಲ್ಲ.

ಹೋದ ವಾರ ಅವಳು ಮತ್ತೆ ಫೋನ್ ಮಾಡಿದ್ದಳು. ಗಂಡನ ತಮ್ಮನೂ ಅದೇ ಎರಕದ ಮನೆಗೆ ಸೇರಿಕೊಂಡಿದ್ದಾನಂತೆ. ಎಷ್ಟು ಹೇಳಿದರೂ ಕೇಳಲಿಲ್ಲವಂತೆ. "ಈಗ ಮಾಸ್ಕ್ ಕೊಟ್ಟಿದಾರಂತೆ ಅಕ್ಕ" ಎಂದಳು.

"ಎಂಥ ಮಾಸ್ಕ್?"

"ಬಟ್ಟೇದು."