ಏನಕ್ಕ ಬಡದಿತ್ತು?

ಅವರ ಎಡಗೈ ಹೆಬ್ಬೆರಳಿನ ಉಗುರು ಹುಣಸೆ ಬೀಜದಂತಿತ್ತು: ಕಪ್ಪಗೆ, ದಪ್ಪಗೆ, ಒಂದು ಕಡೆ ಸೀಳಿಕೊಂಡು. ನಲವತ್ತು ವರ್ಷ ಸುತ್ತಿಗೆಯಿಂದ ತಪ್ಪಿದ ಏಟುಗಳೆಲ್ಲ ಅದರ ಮೇಲೆಯೇ ಬಿದ್ದಿದ್ದವು. ಅದೇ ಕೈಯ ಅಂಗೈ ಮಾತ್ರ ಬಾಣಂತಿಯ ಕೈಯಷ್ಟು ಮೆತ್ತಗೆ. ದಿನಾ ಬೆಳಿಗ್ಗೆ ಶೆಡ್ಡಿನ ಕೀಲಿ ತೆಗೆದು, ಊದುಬತ್ತಿ ಹಚ್ಚಿದ ಮೇಲೆ ಅವರು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಆ ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವುದು.

"ಏನ್ ಕಾಕಾ, ಮದುವಿ ಐತೇನು ಇವತ್ತ?" ಎಂದು ನಾನು ಕಾಡುತ್ತಿದ್ದೆ.

"ಇದು ನನ್ನ ಕಣ್ಣು ತಂಗಿ. ಕೈ ದಡ್ಡು ಬಿದ್ದ ಒರಟಾತಂದ್ರ ತಗಡ ಕಾಣೂದಿಲ್ಲ" ಅನ್ನುತ್ತಿದ್ದರು.

ಅವರು ಡೆಂಟಿಂಗ್ ಮಿಸ್ತ್ರಿ. ಗುದ್ದಿಸಿಕೊಂಡು ಬಂದ ಕಾರು, ಟೆಂಪೋಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದು ಅವರ ಕಸುಬು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಮೇಲೆ ಮಚ್ಛೆ ಇದೆ. ಅಲ್ಲಿನ ಒಂದು ಫೌಂಡ್ರಿಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಟೈಮ್ ಕೀಪರ್. ನಮ್ಮ ಗೇಟಿನ ಎದುರಿಗೇ ಅವರ ಶೆಡ್ಡು. ನಾಲ್ಕು ಕಂಬ, ಮೇಲೆ ಪತ್ರಾಸಿನ ಚಾವಣಿ, ಹಿಂದೊಂದು ಕೀಲಿ ಹಾಕುವ ಖೋಲಿ, ಬೋರ್ಡು ಗೀರ್ಡು ಏನೂ ಇಲ್ಲ. ಊರೆಲ್ಲ ಅವರನ್ನು ಮಿಸ್ತ್ರಿ ಅನ್ನುತ್ತಿತ್ತು, ನಾನು ಕಾಕಾ ಅನ್ನುತ್ತಿದ್ದೆ. ಮಧ್ಯಾಹ್ನದ ಚಹಾ ಅಲ್ಲೇ ಆಗುತ್ತಿತ್ತು.

ಮಂದಿಯ ಜೊತೆ ಕನ್ನಡ, ತಗಡಿನ ಜೊತೆ ಮರಾಠಿ. "ಯೇ ಬಾಳಾ, ಯೇ" ಅನ್ನುತ್ತ, ಮಗುವನ್ನು ರಮಿಸುವ ಹಾಗೆ ರಮಿಸಿ ರಮಿಸಿ ತಗ್ಗನ್ನು ಮೇಲೆ ಕರೆಯುತ್ತಿದ್ದರು. ಬಡಿಯದೆ ತಗ್ಗಿಗೆ ಬರೀ ಪುಟ್ಟಿಯ ಲೇಪ ತುಂಬಿ ಬಣ್ಣ ಹೊಡೆದು ಕೊಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಅದು ಕಾರಲ್ಲ, ಹೂರಣದ ಹೋಳಿಗಿ" ಎಂದು ಉಗಿಯುತ್ತಿದ್ದರು.

ಯಾವ ಗಾಡಿ ಬಂದರೂ ಮೊದಲು ಒಂದೇ ಪ್ರಶ್ನೆ. "ಏನಕ್ಕ ಬಡದಿತ್ತು?" ಉತ್ತರ ಕೇಳಿಕೊಂಡು, ಕಣ್ಣು ಮುಚ್ಚಿ, ಅಂಗೈಯನ್ನು ತಗಡಿನ ಮೇಲೆ ನಿಧಾನ ಎಳೆಯುತ್ತಿದ್ದರು. ಉತ್ತರಕ್ಕೂ ಅಂಗೈಗೂ ತಾಳೆಯಾದರೆ ಕೆಲಸ. ಇಲ್ಲವಾದರೆ, "ಪೊಲೀಸ್ ಠಾಣೆದಿಂದ ಕಾಗದಾ ತೊಗೊಂಡ ಬರ್ರಿ, ಆಮ್ಯಾಲೆ ನೋಡೂಣು" ಎಂದು ಕೈ ಒರೆಸಿಕೊಂಡು ಬಿಡುತ್ತಿದ್ದರು. ಗಿರಾಕಿ ಬೈಯುತ್ತ ಮುಂದಿನ ಗ್ಯಾರೇಜಿಗೆ ಹೋಗುತ್ತಿದ್ದ.

ಒಮ್ಮೆ ಚಹಾ ಕುಡಿಯುತ್ತ ಕೇಳಿದೆ, ಅದು ಹೇಗೆ ಗೊತ್ತಾಗುತ್ತದೆ ಎಂದು. ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದರು: "ಗಿಡಕ್ಕ ಬಡದರ ತಗಡ ಮಡಚತೈತಿ. ಗ್ವಾಡಿಗಿ ತಿಕ್ಕಿದರ ಕೆರಕೊಂಡ ಹೋಗತೈತಿ. ಎಮ್ಮಿ ಬಡದರ ಬಾನೆಟ್ಟ ಮ್ಯಾಲ ಏಳತೈತಿ, ಕೂದಲ ಅಂಟಿರತಾವ, ಸಗಣಿ ಬಿದ್ದಿರತೈತಿ."

"ಮನುಷ್ಯಾಗ ಬಡದರ?"

ಬಸಿ ಕೆಳಗಿಟ್ಟರು. "ಮನುಷ್ಯಾಂದು ಭಾಳ ಆಳ ಇರೂದಿಲ್ಲ ತಂಗಿ. ಕಣ್ಣಿಗಿ ಕಾಣೂದೂ ಇಲ್ಲ. ಅಂಗೈಗೇ ಗೊತ್ತಾಗಬೇಕು." ಆಮೇಲೆ ಅವರೇ ಮುಂದುವರಿಸಿದರು: "ಮೊದಲ ಅಂಥಾ ಗಾಡಿ ವರ್ಷಕ್ಕ ಒಂದ ಬರ್ತಿತ್ತು. ರಸ್ತೆ ಅಗಲ ಆದಮ್ಯಾಲೆ ತಿಂಗಳಿಗಿ ಒಂದ ಬರಾಕ ಹತ್ತೈತಿ. ಸರ್ಕಲ್‌ದಾಗ ಹೆಲ್ಮೆಟ್ ಹಿಡ್ಯಾಕ ಹತ್ತ ಮಂದಿ ನಿಂತಿರತಾರ. ಬಡದ ಓಡಿ ಹ್ವಾದಾಂವನ್ನ ಹಿಡ್ಯಾಕ ಒಬ್ಬಾಂವರೆ ಅದಾನೇನು?"

ಆಗ ನಾನು ಹೌದ್ಹೌದು ಎಂದು ತಲೆಯಾಡಿಸಿ ಗ್ಲಾಸು ಇಟ್ಟು ಎದ್ದುಬಂದೆ. ಬೇರೆಯವರ ಮನೆಯ ಸುದ್ದಿ ಅದು.

ನನ್ನ ಅಪ್ಪ ಹರೆಯದಲ್ಲಿ ಕುರಿ ಕಾಯ್ದವನು. ಕುರಿ ಮಾರಿದ ಮೇಲೆ ಖಾನಾಪುರದ ಹೊರಗಿನ ಒಂದು ಹಂಚಿನ ಗೋದಾಮಿನಲ್ಲಿ ರಾತ್ರಿ ಪಾಳಿಯ ವಾಚಮನ್ ಆಗಿದ್ದ. ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಸಿ ರಸ್ತೆ ದಾಟಿ, ಒಂದು ಮೈಲು ನಡೆದು ಮನೆಗೆ ಬರುತ್ತಿದ್ದ. ದಾಟುವಾಗ ಕೈಯಲ್ಲಿದ್ದ ಬಡಿಗೆಯನ್ನು ಮೇಲಕ್ಕೆತ್ತುತ್ತಿದ್ದ, ಹಿಂದೆ ಇನ್ನೂ ಇನ್ನೂರು ಕುರಿ ಬರುತ್ತಿವೆಯೇನೋ ಎಂಬಂತೆ. "ಅಪ್ಪಾ, ಈಗ ಯಾರೂ ನಿಂದರೂದಿಲ್ಲ" ಎಂದರೆ, "ಬಡಿಗಿ ಎತ್ತಿದರ ಯಾರ ಆದರೂ ನಿಂದರತಾರಬೇ" ಅನ್ನುತ್ತಿದ್ದ.

ಒಂದು ದಿನ ಕಾರೊಂದು ನಿಲ್ಲಲಿಲ್ಲ. ಹಾಲಿನವನು ನೋಡುವ ಹೊತ್ತಿಗೆ ಅಪ್ಪ ಗಟಾರಿನ ಅಂಚಿಗೆ ಬಿದ್ದಿದ್ದ. ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದ. ಡಾಕ್ಟರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಐದನೆಯ ದಿನ ಮನೆಗೆ ತಂದೆವು, ಮಣ್ಣು ಮಾಡಲಿಕ್ಕೆ.

ಠಾಣೆಯ ಹವಾಲ್ದಾರ ಕೆಟ್ಟವನಲ್ಲ, ದಣಿದವನು. ಒಬ್ಬನೇ ಕೂತು ಮೂರು ಕೇಸಿನ ಕಾಗದ ಬರೆಯುತ್ತಿದ್ದ. "ಅಪರಿಚಿತ ವಾಹನ ಅಂತ ಬರಕೊಂಡೇವ್ರಿ ಅಕ್ಕಾರ. ಪೆಟ್ರೋಲ್ ಬಂಕಿನಾಗ ಕ್ಯಾಮೆರಾ ಐತಿ, ಆದರ ಅದರಾಗ ಏನೂ ರೆಕಾರ್ಡ್ ಆಗೇ ಇಲ್ಲ. ಬರೇ ಗಾಡಿ, ಗಾಡಿ ಅಂದ್ರ ನಾ ಎಲ್ಲಿಂದ ಹುಡಕ್ಲಿ?" ಅಂದ. ಬಡಿದು ಓಡಿದವನಿಗೆ ಹೆಸರಿಲ್ಲದೆ ನನ್ನ ಅಪ್ಪ ಒಂದು ಫೈಲಿನೊಳಗೆ ಹೋಗಿ ಕೂಡುತ್ತಾನಲ್ಲ, ಅದು ನನಗೆ ಸಹಿಸಲಾಗಲಿಲ್ಲ. ಯಾರು ಎಂದು ಗೊತ್ತಾಗಬೇಕಿತ್ತು. ಅಷ್ಟೇ ಬೇಕಿತ್ತು.

ಗಟಾರಿನ ಹುಲ್ಲಿನಲ್ಲಿ ನನಗೆ ಹೆಡ್‌ಲೈಟಿನ ಒಂದು ಚೂರು ಸಿಕ್ಕಿತ್ತು, ಬೆರಳುದ್ದದ್ದು. ಹವಾಲ್ದಾರನಿಗೆ ತೋರಿಸಿದರೆ, ಇಂಥವು ರಸ್ತೆ ತುಂಬ ಬಿದ್ದಿರುತ್ತವೆ ಎಂದು ತಿರುಗಿ ಕೊಟ್ಟಿದ್ದ. ಅಪ್ಪನ ದಿನಕರ್ಮ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾಕಾನ ಶೆಡ್ಡಿಗೆ ಹೋದೆ. ಯಾವ ಕಂಪನಿಯ ಗಾಡಿ ಎಂದಾದರೂ ಹೇಳಿಯಾರು ಎಂಬ ಆಸೆ.

ಅವರು ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು. ಅಪ್ಪ ಬಿದ್ದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿದರು. ಹೇಳಿದೆ. "ನಾಳೆ ಬಾ ತಂಗಿ. ನೋಡಿ ಹೇಳತೇನಿ" ಎಂದು ಎದ್ದು ಒಳಗೆ ಹೋದರು. ಚಹಾ ಕೂಡ ಹೇಳಲಿಲ್ಲ.

ಮರುದಿನ ನಾನು ಹೋದಾಗ ಶೆಡ್ಡಿನಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಕಾಕಾ ಹಿಂದಿನ ಗುಜರಿಯ ಗುಡ್ಡೆಯಿಂದ ಒಡೆದ ಹೆಡ್‌ಲೈಟೊಂದನ್ನು ತಂದು ಬೆಂಚಿನ ಮೇಲೆ ಇಟ್ಟಿದ್ದರು. ನನ್ನ ಚೂರನ್ನು ಅದರ ಬಾಯಿಗೆ ಹಿಡಿದರು. ಸರಿಯಾಗಿ ಕೂತಿತು.

"ಇದನ್ನ ನಾನ ಬಿಚ್ಚೇನಿ" ಅಂದರು. "ಅವತ್ತ ಮುಂಜಾನೆ ಎಂಟಕ್ಕ ಬಂದಿತ್ತು ಗಾಡಿ. ಬೆಳಗಾವಿ ರವಿವಾರ ಪೇಟಿ ಸಾವಕಾರಂದು. ಹನ್ನೆರಡ ವರ್ಷದ ಗಿರಾಕಿ. ಏನಕ್ಕ ಬಡದಿತ್ರಿ ಅಂದೆ. ಎಮ್ಮಿ ಅಡ್ಡ ಬಂತು, ಏನೂ ಆಗೇ ಇಲ್ಲ ಅನ್ನೂಹಂಗ ಮಾಡ ಮಿಸ್ತ್ರಿ ಅಂದ."

"ಕೈ ಇಡಲಿಲ್ಲೇನು ಕಾಕಾ?"

"ಇಟ್ಟೆ." ಅವರು ನನ್ನ ಮುಖ ನೋಡಲಿಲ್ಲ. "ಕೂದಲಿಲ್ಲ, ಸಗಣಿ ಇಲ್ಲ, ಬಾನೆಟ್ಟ ಎದ್ದಿಲ್ಲ. ಅಂಗೈ ಹೇಳ್ತು. ನಾನ ಕೇಳಲಿಲ್ಲ. ಹಳೇ ಗಿರಾಕಿ, ಹೆಂಗ ಎದರ ಮಾತಾಡೂದು ಅಂತ ಬಡದ ಎತ್ತಿ, ಬಣ್ಣಾ ಹೊಡದ ಕೊಟ್ಟೆ. ನಿನ್ನೆ ನೀ ಚೂರ ಕೊಟ್ಟಾಗನ ಗೊತ್ತಾಗಿತ್ತು ತಂಗಿ. ಒಂದ ದಿನಾ ನಿನಗ ಸುಳ್ಳ ಹೇಳಿದೆ. ಗುಜರಿಯವನ್ನ ಕರದ ಗುಡ್ಡಿ ಖಾಲಿ ಮಾಡಿಬಿಡ್ಲೇನು ಅಂತ ಖರೇನ ವಿಚಾರ ಮಾಡಿದ್ನಿ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಎಣ್ಣೆ ಹಚ್ಚಿದ ಕೈ ಸುಡಲಿ ಅಂದೆ. ಎದುರಿನ ಗೇಟಿನಲ್ಲಿ ನಮ್ಮ ಹುಡುಗರೆಲ್ಲ ನಿಂತು ನೋಡಿದರು. ಕಾಕಾ ಬೆಂಚಿನ ಅಂಚು ಹಿಡಿದುಕೊಂಡು ನಿಂತಿದ್ದರು. ನಾನು ಉಸಿರು ತೆಗೆದುಕೊಳ್ಳುವಾಗ ಮಾತ್ರ, "ಅನ್ನು, ಅಂದಬಿಡು" ಅಂದರು.

ಅದೇ ಮಧ್ಯಾಹ್ನ ಅವರು ಹೆಡ್‌ಲೈಟನ್ನು ಗೋಣಿಚೀಲದಲ್ಲಿ ಹಾಕಿಕೊಂಡು, ಬಸ್ಸು ಹತ್ತಿ ಖಾನಾಪುರ ಠಾಣೆಗೆ ಹೋದರು. ನಾನು ಕಳಿಸಲಿಲ್ಲ, ಜೊತೆಗೆ ಹೋಗಲೂ ಇಲ್ಲ. ಇದನ್ನೆಲ್ಲ ಆಮೇಲೆ ಹವಾಲ್ದಾರನೇ ಫೋನು ಮಾಡಿ ಹೇಳಿದ: "ಮಿಸ್ತ್ರಿ ತಾನ ಬಂದ ಕುಂತಾನ್ರಿ. ತಗ್ಗ ಬಡದ ತಗದಾಂವಾ ನಾನ, ಬರಕೋರಿ ಅಂತಾನ. ಇಷ್ಟ ವರ್ಷದಾಗ ಇಂಥಾವನ್ನ ನಾ ನೋಡಿಲ್ಲ."

ಕಾರು ಸಿಕ್ಕಿತು. ಸಾವಕಾರ ಸಿಕ್ಕ. ಆ ಕಾರಿನ ಇನ್ಶೂರೆನ್ಸು ಮುಗಿದು ಒಂದೂವರೆ ವರ್ಷವಾಗಿತ್ತು, ಕಂಪನಿಯಿಂದ ಒಂದು ರೂಪಾಯಿಯೂ ಬರುವಂತಿರಲಿಲ್ಲ. ಹಳೆಯ ಕಾಗದದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ ಅವನು ಅಲ್ಲಿಯವರೆಗೆ ಎಲ್ಲ ತಪಾಸಣೆಯಲ್ಲೂ ಪಾರಾಗಿದ್ದನಂತೆ. ಯಾರೂ ತಾರೀಖು ಓದಿರಲಿಲ್ಲ. "ಗಾಡಿ ಸಿಗಲಿಲ್ಲಂದ್ರ ಸರಕಾರದ ಪರಿಹಾರ ಆದರೂ ಬರ್ತಿತ್ತು. ಸುಮ್ಮನ ಹುಡಕಾಕ ಹೋದಿ" ಎಂದು ನನ್ನ ಸೋದರಮಾವನೇ ಅಂದ.

ಕಾಕಾನಿಗೆ ಗಿರಾಕಿ ಕಡಿಮೆಯಾದರು. ಪೊಲೀಸರಿಗೆ ಹೇಳುವ ಮಿಸ್ತ್ರಿ ಎಂದು ಹೆಸರಾಯಿತು. ಗುದ್ದಿಸಿಕೊಂಡ ಟೆಂಪೋಗಳು ಅವರ ಶೆಡ್ಡು ದಾಟಿ ಮುಂದೆ ಹೋಗುತ್ತಿದ್ದವು. ನಾನು ನಮ್ಮ ಗೇಟಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದೆ, ಮಾತಾಡಿಸುತ್ತಿರಲಿಲ್ಲ. ಐದಾರು ತಿಂಗಳು ಹಾಗೇ ಹೋಯಿತು.

ಕೋರ್ಟಿನ ತಾರೀಖಿಗೆ ಮಾತ್ರ ಇಬ್ಬರೂ ಸಿಗುತ್ತಿದ್ದೆವು. ಒಂದು ತಾರೀಖಿಗೆ ಸಾಹೇಬರು ರಜೆ, ಒಂದಕ್ಕೆ ವಕೀಲರು ಇಲ್ಲ, ಒಂದಕ್ಕೆ ಮುಷ್ಕರ. ಕಾಕಾ ಒಂದನ್ನೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೇವಿನ ಗಿಡದ ಕೆಳಗೆ ಕೂತಿರುತ್ತಿದ್ದರು. ಅಷ್ಟರಲ್ಲಿ ಕೆಮ್ಮು ಹತ್ತಿತ್ತು. ನಲವತ್ತು ವರ್ಷದ ಬಣ್ಣವೆಲ್ಲ ಎದೆಯೊಳಗೆ ಕೂತಿತ್ತು.

ಕೊನೆಗೊಮ್ಮೆ ಅವರ ಸಾಕ್ಷಿ ಆಯಿತು. ಸಾವಕಾರನ ವಕೀಲರು ನಗುತ್ತ ಕೇಳಿದರು: "ನೀವೇನ್ ಡಾಕ್ಟರೇನ್ರಿ?"

"ಅಲ್ರಿ. ತಗಡ ಬಡಿಯಾಂವ್ರಿ."

"ಮತ್ತ ಎಮ್ಮಿ ಅಲ್ಲ, ಮನುಷ್ಯಾಗನ ಬಡದದ್ದು ಅಂತ ಹೆಂಗ ಗೊತ್ತಾತು ನಿಮಗ?"

ಕಾಕಾ ಎಡ ಅಂಗೈಯನ್ನು ಕಟಕಟೆಯ ಮೇಲೆ ಇಟ್ಟರು. "ಗೊತ್ತಾದದ್ದು ನನ್ನ ತಪ್ಪಲ್ರಿ ಸಾಹೇಬ್ರ. ಗೊತ್ತಾಗಿನೂ ಬಡದ ತಗದದ್ದು ನನ್ನ ತಪ್ಪು. ಅದನ್ನ ಹೇಳಾಕನ ಬಂದೇನಿ."

ವಕೀಲರು ಮುಂದೆ ಹೆಚ್ಚು ಕೇಳಲಿಲ್ಲ. ಹೊರಗೆ ಬಂದ ಮೇಲೆ ನಾನೇ ಹೋಗಿ, "ಚಹಾ ಕುಡೀತೀರೇನು ಕಾಕಾ?" ಎಂದು ಕೇಳಿದೆ. ಅವರು ಬಸಿಗೆ ಚಹಾ ಸುರಿದು ಆರಿಸತೊಡಗಿದರು.

ಹೋದ ಮಳೆಗಾಲಕ್ಕೆ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಮೂಗಿಗೆ ಆಕ್ಸಿಜನ್ನಿನ ನಳಿಕೆ ಇತ್ತು. ಮಾತಿಗಿಂತ ಉಸಿರೇ ಜಾಸ್ತಿ. "ತಾರೀಖು ಯಾವಾಗ?" ಎಂದು ಕೇಳಿದರು. ಮುಂದಿನ ತಿಂಗಳು ತೀರ್ಪು ಅಂತಾರೆ ಎಂದೆ. ಕೈ ಹಿಡಿದುಕೊಂಡಾಗ ನನಗೆ ಗಾಬರಿಯಾಯಿತು. ಆ ಅಂಗೈ ಒರಟಾಗಿತ್ತು, ಅಲ್ಲಲ್ಲಿ ಒಡೆದಿತ್ತು.

"ಎಣ್ಣಿ ಹಚ್ಚೂದು ಬಿಟ್ಟಾರವಾ" ಎಂದು ಅವರ ಹೆಂಡತಿ, ಕಾಕು, ಬಾಗಿಲಲ್ಲಿ ನಿಂತು ಹೇಳಿದರು. "ನಿಮ್ಮಪ್ಪಂದ ಗೊತ್ತಾದ ದಿನಾನ ಬಿಟ್ಟರು. ಕೇಳಿದರ, ಹೇಳಿದ್ದ ಕೇಳದಾಂವಗ ಕಣ್ಣ ಯಾಕ ಅಂತಾರ."

ನಾನು ಕಾಕುವಿನ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡೆ. ಸುಡಲಿ ಎಂದು ನಾನೇ ಶಪಿಸಿದ ಕೈ ಅದು. ತುಂಬ ಹೊತ್ತು ತಿಕ್ಕಿದೆ. ಕ್ಷಮಿಸಿದ್ದೇನೆ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದರು. ಹತ್ತು ದಿನಕ್ಕೆ ತೀರಿಕೊಂಡರು.

ತೀರ್ಪು ಬಂದಾಗ ಬೇವಿನ ಗಿಡದ ಕೆಳಗೆ ನಾನೊಬ್ಬಳೇ ಇದ್ದೆ. ಸಾವಕಾರನದೇ ತಪ್ಪು ಎಂದಾಯಿತು. ಅವನು ಅಪೀಲು ಹೋದ, ಜಾಮೀನಿನ ಮೇಲೆ ಹೊರಗೇ ಇದ್ದಾನೆ. ಪೇಟೆಗೆ ಹೋದಾಗ ಒಮ್ಮೊಮ್ಮೆ ಆ ಕಾರು ಕಣ್ಣಿಗೆ ಬೀಳುತ್ತದೆ. ಕಾಕಾನ ಕೆಲಸ ಎಷ್ಟು ಚೊಕ್ಕ ಎಂದರೆ, ಎಲ್ಲಿ ಬಡಿದಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನನ್ನ ಅಪ್ಪನ ಕಾಗದದಲ್ಲಿ ಈಗ ಅಪರಿಚಿತ ವಾಹನ ಎಂದಿಲ್ಲ. ಅದೊಂದನ್ನು ಕಾಕಾ ನನಗೆ ಮಾಡಿಕೊಟ್ಟು ಹೋದರು.

ಕಳೆದ ತಿಂಗಳು ನಮ್ಮ ಫೌಂಡ್ರಿಯ ಗೇಟಿಗೇ ನನ್ನ ಸ್ಕೂಟರ್ ಗುದ್ದಿಸಿಕೊಂಡೆ. ಬದಿಯ ತಗಡು ಒಳಗೆ ಹೋಯಿತು. ಕಾಕಾನ ಶೆಡ್ಡನ್ನು ಈಗ ಬೇರೊಬ್ಬ ಮಿಸ್ತ್ರಿ ನಡೆಸುತ್ತಾನೆ. ಬೋರ್ಡು ಹಾಕಿದ್ದಾನೆ, ಗಿರಾಕಿಗಳೂ ಇದ್ದಾರೆ. ಬಗ್ಗಿ ನೋಡಿ, "ಸಂಜಿಗಿ ಬರ್ರಿ ಅಕ್ಕಾರ. ಏನೂ ಆಗೇ ಇಲ್ಲ ಅನ್ನೂಹಂಗ ಮಾಡಿ ಕೊಡತೇನಿ" ಅಂದ.

ನಾನು ನಿಂತೇ ಇದ್ದೆ.

"ಮತ್ತೇನರೆ ಐತೇನ್ರಿ?"

"ಏನಕ್ಕ ಬಡದಿತ್ತು ಅಂತ ಕೇಳಲಿಲ್ಲಲ್ಲಪಾ ನೀ" ಅಂದೆ.

ಅವನು ನಕ್ಕ. ಒಳ್ಳೆಯ ಹುಡುಗನೇ. "ಅದನ್ನ ತೊಗೊಂಡ ನಾ ಏನ ಮಾಡ್ಲಿರಿ ಅಕ್ಕಾರ?" ಅಂದ.

ಸ್ಕೂಟರ್ ತಿರುಗಿಸಿಕೊಂಡು ಹೊರಟುಬಂದೆ. ಆ ತಗ್ಗು ಇನ್ನೂ ಹಾಗೆಯೇ ಇದೆ.