ಮೌಶಿಯ ಹಲ್ಲು, ಮೌಶಿಯ ಕಣ್ಣು

ಹುಮನಾಬಾದಿನ ಹಲ್ಲಿನ ದವಾಖಾನೆಯ ಪಕ್ಕದ ಓಣಿಯಲ್ಲಿ ಮೊನ್ನೆ ಯಾರೋ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದರು. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಒಂದು ಸೀನು ಬಂತು, ಸೀನಿನ ಬೆನ್ನಿಗೇ ಮೌಶಿ ನೆನಪಾದಳು. ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯಾಕೆ. ರಕ್ತಸಂಬಂಧದ ಚಿಕ್ಕಮ್ಮನೇನಲ್ಲ, ಇಡೀ ಓಣಿಗೇ ಅವಳು ಮೌಶಿ.

ಬೆಳಗಾದರೆ ತಂಬಾಕನ್ನು ಕಪ್ಪಗೆ ಹುರಿದು ಪುಡಿ ಮಾಡಿ, ಆ ಮಿಸ್ರಿಯನ್ನು ಹಲ್ಲಿಗೆ ತಿಕ್ಕುತ್ತ ಕಟ್ಟೆಯ ಮೇಲೆ ಕೂಡುವಳು. ಆಮೇಲೆ ದಿನವಿಡೀ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವಳು. ಒಂಟಿ ಹೆಂಗಸು, ಅದೇ ಅವಳ ಅನ್ನ. ಸೂಜಿಗೆ ದಾರ ಪೋಣಿಸಿಕೊಡಲು ಹೋಗಿ ನಾನು ತಡವರಿಸಿದರೆ, "ಸರಿ ಅತ್ಲಾಗ, ನಿನ್ನ ಕಣ್ಣಿಗಿ ಈಗೇ ಮುಪ್ಪು ಬಂತೇನ?" ಎಂದು ನನ್ನನ್ನೇ ಹಂಗಿಸುವಳು.

ಅವಳ ಮೇಲಿನ ದವಡೆಹಲ್ಲು ಹುಳುಕಾಗಿತ್ತು. ನೋವು ಎದ್ದಾಗ ಮಿಸ್ರಿ ಒತ್ತುವಳು, ಬಾಯಿ ಜೋಮು ಹಿಡಿದು ನೋವು ಅಡಗುವುದು. ಮತ್ತೆ ನೋವು, ಮತ್ತೆ ಮಿಸ್ರಿ... ಗಾಣದೆತ್ತಿನ ಸುತ್ತು. ಕಡೆಗೆ ಗಲ್ಲ ಬಾತು ಉಪವಾಸ ಬಿದ್ದ ಮೇಲೆ, ನನ್ನ ಕಾಟ ತಾಳಲಾರದೆ ಹುಮನಾಬಾದಿನ ಬಸ್ಸು ಹತ್ತಿದಳು.

ಅದೇ ದವಾಖಾನೆಯ ಕುರ್ಚಿಯಲ್ಲಿ ಒರಗಿಸಿ ದೀಪ ಹಚ್ಚಿದಾಗ ನನ್ನ ಕೈಯನ್ನು ಹಿಂಡಿಬಿಟ್ಟಳು. ಡಾಕ್ಟರಮ್ಮ ನೋಡಿ ಹೇಳಿದರು: "ಅವ್ವಾ, ಈ ಹಲ್ಲು ತೆಗೀಬೇಕ್ರಿ. ಉಳದವು ಸಾಫ್ ಮಾಡ್ತೀನಿ. ಗಲ್ಲದ ಒಳಗ ಬಿಳಿ ಕಲೆ ಆಗ್ಯಾದ, ಅದು ಛಲೋ ಅಲ್ರಿ. ಮಿಸ್ರಿ ಬಿಡ್ರಿ, ಮ್ಯಾಲಿಂದ ಮ್ಯಾಲ ಬಂದು ತೋರಿಸ್ರಿ."

"ಮ್ಯಾಲಿನ ಹಲ್ಲು ಕಿತ್ರ ಕಣ್ಣ ಹೋಗ್ತಾವ್ರಿ. ನಮ್ಮವ್ವನ್ವೂ ಹಂಗೇ ಹೋದ್ವು. ಕಣ್ಣ ಹೋದ್ರ ನಾ ಏನ ತಿನ್ಲಿ?"

ಹಲ್ಲಿಗೂ ಕಣ್ಣಿಗೂ ಸಂಬಂಧವಿಲ್ಲ, ನಿಮ್ಮವ್ವನಿಗೆ ಕಣ್ಣಿಗೆ ಪೊರೆ ಬರುವ ಮೋತಿಬಿಂದು ಆಗಿರಬೇಕು ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಕೇಳಿದರೆ ತಾನೆ! ಸಾಫ್ ಮಾಡಿಸಿದರೆ ಇದ್ದ ಹಲ್ಲೂ ಸಡಿಲಾಗುತ್ತವೆ ಎಂದು ಅದನ್ನೂ ಒಲ್ಲೆ ಎಂದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುರ್ಚಿಯಿಂದ ಇಳಿದೇಬಿಟ್ಟಳು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಬಸ್ಸಿನಲ್ಲಿ ಅವಳನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತೆ.

ಡಾಕ್ಟರಮ್ಮ ಕೊಟ್ಟ ಗುಳಿಗೆಗೆ ಬಾವು ಇಳಿಯಿತು. ಕಲೆಯ ಮಾತು ತೆಗೆದಾಗಲೆಲ್ಲ ಅವಳದು ಒಂದೇ ಉತ್ತರ: "ಅದು ನೋಯಾಕತ್ತಿಲ್ಲ ತಗೋ, ಸುಮ್ನ ಯಾಕ ತೋರಿಸ್ಲಿ?"

ನೋಯುವ ಹೊತ್ತಿಗೆ ಅದು ಹುಣ್ಣಾಗಿತ್ತು. ಬಾಯಿ ದಿನದಿನಕ್ಕೂ ಬಿಗಿಯುತ್ತ ಬಂತು. ಬೀದರಿನಲ್ಲಿ ಕ್ಯಾನ್ಸರ್ ಎಂದರು, ತಡವಾಯಿತು ಎಂದರು. ರೊಟ್ಟಿ ಹೋಗಿ ಅಂಬಲಿ ಬಂತು, ಅಂಬಲಿ ಹೋಗಿ ಹಾಲು... ಮಾತೂ ಒಳಗೇ ಸಿಕ್ಕಿಕೊಂಡಿತು. ಕಣ್ಣು ಮಾತ್ರ ಕಡೆತನಕ ನಿಚ್ಚಳ. ನಾವು ರೊಟ್ಟಿ ಮುರಿಯುವುದನ್ನು ಆ ಕಣ್ಣುಗಳಿಂದಲೇ ನೋಡುತ್ತ ಕೂಡುವಳು. ಅವಳೆದುರು ಉಣ್ಣುವುದನ್ನೇ ನಾನು ಬಿಟ್ಟೆ. ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟಳು.

ಆರು ತಿಂಗಳಿಗೊಮ್ಮೆ ಹಲ್ಲು ತೋರಿಸುವುದನ್ನು ನಾನು ತಪ್ಪಿಸುವುದಿಲ್ಲ. ಮೊನ್ನೆಯೂ ಹೋಗಿ ಬಾಯಿ ತೆರೆದು ಒರಗಿದೆ. ಹಲ್ಲು ಸಾಫ್ ಮಾಡುವ ಯಂತ್ರ ಗುಂಯ್‌ಗುಟ್ಟಿತು, ಒಂದಷ್ಟು ನೀರು ಚಿಮ್ಮಿತು. "ಆಯ್ತ್ರಿ, ಎಲ್ಲಾ ಛಲೋ ಅದ, ಏಳ್ರಿ" ಎಂದರು ಡಾಕ್ಟರಮ್ಮ.

ಏಳಲು ಆಗಲಿಲ್ಲ. ನನ್ನ ಕಣ್ಣಲ್ಲಿ ನೀರು ಕಂಡು ನೋವಾಯಿತೇ ಎಂದು ಅವರು ಗಾಬರಿಯಾದರು. ಇಲ್ಲವೆಂದು ತಲೆಯಾಡಿಸಿದೆ. ನೋವೇ ಆಗಿರಲಿಲ್ಲ. ಇಷ್ಟೇ ಇತ್ತಲ್ಲೇ ಮೌಶಿ... ಬರೀ ಇಷ್ಟೇ ಇತ್ತು.