ಮಾವನಿಗೆ ಓದಿ ಹೇಳದ ಮೂರು ಸಾಲು

ಆ ದಿನ ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಸಾಲು ಬಂದಿತ್ತು. ಅದನ್ನು ನಾನು ಓದಿದೆ, ಅರ್ಥ ಮಾಡಿಕೊಂಡೆ, ಪಕ್ಕದಲ್ಲಿ ಕೂತಿದ್ದ ಮಾವನಿಗೆ ಬೇರೆಯದನ್ನೇ ಹೇಳಿದೆ. ಅವಸರಕ್ಕೆ ಆದದ್ದಲ್ಲ, ತಿಳಿಯದೆ ಆದದ್ದೂ ಅಲ್ಲ. ಆಮೇಲೆ ಇಷ್ಟು ವರ್ಷ ಎಲ್ಲರಿಗೂ, ನನ್ನ ಅಮ್ಮನಿಗೂ, 'ಹಳೇ ಮಷೀನು, ಕೈಕೊಟ್ಟಿತು' ಎಂದೇ ಹೇಳಿಕೊಂಡು ಬಂದೆ. ಮಷೀನು ಚೆನ್ನಾಗಿಯೇ ಇತ್ತು.

ಮಾವ ಎಂದರೆ ಅಮ್ಮನ ಅಣ್ಣ. ಸೊರಬದಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು, ಮನೆಯಲ್ಲಿ ಜಾತಕ ನೋಡುತ್ತಾರೆ. ನಾವಿರುವುದು ಶಿಕಾರಿಪುರದಲ್ಲಿ. ನಾನಾಗ ಕಾನೂನು ಓದುತ್ತಿದ್ದೆ, ಕಾಲೇಜಿನ ಚರ್ಚಾ ತಂಡದಲ್ಲಿದ್ದೆ, ಗ್ರಹಗತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು ಮೈ ಉರಿಯುತ್ತಿತ್ತು. ಇಂಥ ಸೊಸೆಗೂ ಅಂಥ ಮಾವನಿಗೂ ಭೇಟಿಯಾದಾಗಲೆಲ್ಲ ಜಗಳ. ಮಾವನಿಗೆ ಆ ಜಗಳವೇ ಇಷ್ಟ.

"ಬಂದ್ಲು ನೋಡು ವಿಚಾರವಾದಿ. ರಾಹುಕಾಲದಲ್ಲೇ ಬಸ್ಸು ಹತ್ತಿದ್ಯೇನೆ?"

"ಆಗಲೇ ಸೀಟು ಸಿಗೋದು ಮಾವ."

ಮಾವನ ಕಂಪ್ಯೂಟರಿನಲ್ಲಿ ಜಾತಕದ ಒಂದು ಸಾಫ್ಟ್‌ವೇರ್ ಇತ್ತು. ಬಹಳ ಹಿಂದೆ ದಾವಣಗೆರೆಯಿಂದ ಯಾರೋ ತಂದು ಹಾಕಿಕೊಟ್ಟದ್ದು. ಹುಟ್ಟಿದ ದಿನ, ಹೊತ್ತು, ಊರು ಕೊಟ್ಟರೆ ಕುಂಡಲಿ ಬರೆದು ತೋರಿಸುತ್ತಿತ್ತು. ಕುಂಡಲಿಯ ಕೆಳಗೆ 'ಷರಾ' ಎಂಬ ಒಂದು ಖಾನೆ. ಬಂದವರು ಎದ್ದುಹೋದ ಮೇಲೆ ಮಾವ ಆ ಖಾನೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಬಹಳ ಹೊತ್ತು ಏನೋ ಬರೆಯುತ್ತಿದ್ದರು. ಏನು ಬರೆಯುತ್ತಾರೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಮೂಢನಂಬಿಕೆಗೆ ಅಡಿಟಿಪ್ಪಣಿ ಎಂದು ನಗುತ್ತಿದ್ದೆ.

ಆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಹಳೆಯದಾಗಿತ್ತು. ಇನ್ನು ಮುಂದೆ ಇದಕ್ಕೆ ರಕ್ಷಣೆ ಇಲ್ಲ ಎಂದು ಪರದೆ ದಿನವೂ ಎಚ್ಚರಿಸುತ್ತಿತ್ತು. ಪೆನ್ಷನ್ ನೋಡುವ ಬ್ಯಾಂಕಿನ ಪುಟವೂ ತೆರೆಯುತ್ತಿರಲಿಲ್ಲ. ಹೊಸದನ್ನು ಹಾಕೋಣ ಎಂದೆ. ಮಾವ ಒಪ್ಪಲಿಲ್ಲ.

"ನಡೀತಾ ಇರೋದನ್ನ ಎಂತಕ್ಕೆ ಮುಟ್ಟೋದು ಮಾರಾಯ್ತಿ? ಒಂದು ಕೆಲ್ಸ ಮಾಡು. ನೀನು ಹೆಂಗೂ ಚರ್ಚೆಯವಳು. ಪರವಾಗೂ ನೀನೇ ಮಾತಾಡು, ವಿರೋಧವಾಗೂ ನೀನೇ ಮಾತಾಡು. ನಾ ತೀರ್ಪುಗಾರ."

ನಮ್ಮ ತಂಡದಲ್ಲಿ ಇದು ನಿತ್ಯದ ಅಭ್ಯಾಸ. ಯಾವ ವಿಷಯವೇ ಆಗಲಿ, ಎರಡೂ ಕಡೆಗೆ ನಿಂತು ಅಷ್ಟೇ ಬಲವಾಗಿ ಮಾತಾಡಬೇಕು. ಒಂದು ಕಡೆಗೆ ಬೇಕೆಂದೇ ಸಡಿಲ ಬಿಟ್ಟರೆ ಅದು ಮೋಸ. ಮಾವ ಅದನ್ನು ನಂಬಿದರು. ಆ ಜಾತಕದ ಸಾಫ್ಟ್‌ವೇರ್ ಹೊಸದರಲ್ಲಿ ನಡೆಯುವುದು ಅನುಮಾನ ಎಂದು ನನಗೆ ಮೊದಲೇ ಗೊತ್ತಿತ್ತು. ವಿರೋಧದ ಪಾಳಿ ಬಂದಾಗ ನಾನು ಹೇಳಿದ್ದು — ಪರದೆಯ ಮೇಲಿನ ಚಿತ್ರಗಳ ಜಾಗ ಬದಲಾಗುತ್ತದೆ, ಕಣ್ಣಿಗೆ ಹೊಂದಿಕೊಳ್ಳಲು ನಾಲ್ಕು ದಿನ ಬೇಕು, ಒಂದು ಮಧ್ಯಾಹ್ನ ಹಾಳು. ಅಷ್ಟೇ. ಇದ್ದ ಒಂದೇ ಒಂದು ಗಟ್ಟಿ ಕಾರಣವನ್ನು ನುಂಗಿಕೊಂಡೆ.

"ಪರವಾಗಿ ಮಾತಾಡ್ದವಳೇ ಗೆದ್ಲು. ಹಾಕು" ಎಂದರು ಮಾವ.

ಅರ್ಧ ದಾರಿಯಲ್ಲಿ ಆ ಮೂರು ಸಾಲು ಬಂತು. ಕೆಳಗೆ ಹೆಸರಿಸಿದ ಸಾಫ್ಟ್‌ವೇರ್ ಹೊಸದರಲ್ಲಿ ನಡೆಯುವುದಿಲ್ಲ, ಮುಂದುವರಿದರೆ ಅದನ್ನು ತೆಗೆದುಹಾಕಲಾಗುವುದು, ಮುಂದುವರಿಯಲೇ? ಕೆಳಗಿದ್ದದ್ದು ಒಂದೇ ಹೆಸರು. ಮಾವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

"ಎಂತ ಕೇಳ್ತದೆ ಅದು? ಓದಿ ಹೇಳೆ."

"ಎಂತದೂ ಇಲ್ಲ ಮಾವ. ಎಲ್ಲದಕ್ಕೂ ಒಂದ್ಸಲ ಹಿಂಗೇ ಕೇಳುತ್ತೆ."

"ಹಂಗಾರೆ ಒತ್ತು."

ಒತ್ತಿದೆ. ಯಾಕೆ — ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೆದ್ದ ಚರ್ಚೆಯನ್ನು ಹತ್ತು ನಿಮಿಷದಲ್ಲಿ ಸೋಲಲು ಮನಸ್ಸಿರಲಿಲ್ಲ, ಇದು ಒಂದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಹೋಗಲಿ ಬಿಡು, ಒಂದು ಮನೆಯಲ್ಲಾದರೂ ಜಾತಕ ನಿಲ್ಲುತ್ತದೆ ಎಂದು ಒಳಗೊಳಗೇ ಖುಷಿಯಾಗಿತ್ತು. ವಾದದಲ್ಲಿ ಒಪ್ಪಿಸಲಾಗದ್ದನ್ನು ಕದ್ದು ಮಾಡಿದೆ, ಅದಕ್ಕೆ ವಿಚಾರ ಎಂದು ಹೆಸರಿಟ್ಟೆ.

ನಾಲ್ಕನೇ ದಿನ ಮಾವ ಫೋನ್ ಮಾಡಿದರು. "ಆ ಸೂರ್ಯನ ಚಿತ್ರ ಇತ್ತಲ್ಲೆ, ಒತ್ತಿದ್ರೆ ಕುಂಡಲಿ ಬರ್ತಿತ್ತಲ್ಲ, ಅದೆಲ್ಲಿ ಹೋತು?" ನಾನು ಆ ಸಾಫ್ಟ್‌ವೇರಿನದೇ ತಪ್ಪು ಎಂದು ಉದ್ದಕ್ಕೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಮಾವ ಒಂದೇ ಮಾತು ಕೇಳಿದರು: "ಹಳೇದಕ್ಕೆ ವಾಪಸ್ ಹೋಗಕ್ಕಾಗಲ್ವನೆ?"

"ಇಲ್ಲ ಮಾವ. ಇನ್ನು ಆಗಲ್ಲ."

ಆಗುತ್ತಿತ್ತು. ಹತ್ತು ದಿನದೊಳಗಾದರೆ ಒಂದು ಗುಂಡಿ ಒತ್ತಿ ಎಲ್ಲವನ್ನೂ ಹಿಂದಿನಂತೆ ಮಾಡಬಹುದಿತ್ತು, ನನಗದು ಗೊತ್ತಿತ್ತು. ಆದರೆ ಹಾಗೆ ಮಾಡಿದರೆ ಆ ಮೂರು ಸಾಲು ಏನೆಂದು ಹೇಳಬೇಕಾಗುತ್ತಿತ್ತಲ್ಲ…

ಕೆಲವು ತಿಂಗಳ ನಂತರ ನಾನು ಸೊರಬಕ್ಕೆ ಹೋಗಿದ್ದಾಗ ಹೊಸಬಾಳೆಯ ಕಡೆಯ ಒಬ್ಬರು ಬಂದರು. ಕುರಿ ಸಾಕುವವರು. (ಅವರ ಊರನ್ನು, ಮಗಳ ಹೆಸರನ್ನು ಇಲ್ಲಿ ಬದಲಿಸಿದ್ದೇನೆ.) ಮಗಳು ರೇಣುಕಾ ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಗಂಡು ಗೊತ್ತಾಗಿತ್ತು, ಮೇಷ್ಟ್ರ ಬಾಯಿಂದ ಒಂದು ಹೂಂ ಬೇಕಿತ್ತು. ಮಾವ ಪಂಚಾಂಗವನ್ನು ಮೂಗಿನ ಹತ್ತಿರ ಹಿಡಿದು ತಿರುವಿದರು. ಕುಜದೋಷ ಇದೆ, ತಡೀರಿ ಎಂದರು.

"ಹೋದ್ ಸಲ ಗುರುಬಲ ಇಲ್ಲ ಅಂದ್ರಿ ಮೇಷ್ಟ್ರೇ. ಕುಜನ ಮಾತೇ ಎತ್ಲಿಲ್ಲ. ಗುರು ಬರೋದ್ರೊಳಗೆ ಈ ಕುಜ ಎಲ್ಲಿಂದ ಬಂದ್ನರೀ?"

ನನಗೆ ನಗು ಬಂತು. ಶುದ್ಧ ವಿರೋಧಾಭಾಸ, ಚರ್ಚೆಯಲ್ಲಾದರೆ ಎದುರಾಳಿ ಅಲ್ಲಿಗೆ ಮುಗಿದಂತೆ. ತಡೆದುಕೊಳ್ಳಲಿಲ್ಲ, ನಕ್ಕುಬಿಟ್ಟೆ.

"ನೋಡ್ರಿ, ನಿಮ್ ಸೊಸೆನೇ ನಗ್ತಾಳೆ" ಎಂದು ಅವರು ಜೇಬಿನಿಂದ ಮಡಚಿದ ಹಾಳೆ ತೆಗೆದರು. "ಶಿಕಾರಿಪುರದಾಗೆ ಕಂಪ್ಯೂಟ್ರಲ್ಲಿ ತೆಗ್ಸೀನಿ. ಎಲ್ಲ ಕೂಡ್ತಾವೆ ಅಂತ ಐತೆ. ನಿಮ್ದೂ ಒಂದು ಮಾತಿರ್ಲಿ ಅಂತ ಬಂದೆ ಅಷ್ಟೆ."

ಅವರು ಹೋದ ಮೇಲೆ ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಕೂತರು.

"ಆ ಹುಡುಗಿ ಪಿಯುಸಿ ಮುಗ್ಸಿದಾಗ್ಲೇ ಮದುವೆ ಮಾಡಕ್ಕೆ ಹೊರಟಿದ್ರು ಕಣೆ. ಮೂರು ವರ್ಷ ಗುರುಬಲ ಇಲ್ಲ ಅಂತ ನಾನೇ ಹೇಳಿ ಕಳ್ಸಿದ್ದೆ, ಡಿಗ್ರಿ ಮುಗೀಲಿ ಅಂತ. ಷರಾದಲ್ಲಿ ಬರ್ದಿಟ್ಟಿದ್ದೆ. ಇವತ್ತು ಅವ್ರು ಎದುರಿಗೆ ಕೂತಾಗ ಏನ್ ಹೇಳಿದ್ದೆ, ಎಷ್ಟು ವರ್ಷ ಹೇಳಿದ್ದೆ, ಒಂದೂ ನೆನಪಾಗ್ಲಿಲ್ಲ, ಎದ್ದುಹೋದ ಮೇಲೆ ಹೊಳೀತು."

"ಅಂದ್ರೆ… ನೀವು ಗ್ರಹ ನಂಬಲ್ವಾ ಮಾವ?"

"ನಾ ನಂಬೋದು ಬಿಡು. ಹುಡುಗಿ ಓದ್ಲಿ ಅಂತ ಮೇಷ್ಟ್ರು ಹೇಳಿದ್ರೆ ಯಾರ್ ಕೇಳ್ತಾರೆ? ಶನಿ ಹೇಳಿದ್ರೆ ಕೇಳ್ತಾರೆ."

ಹಾಗೆ ಎಷ್ಟು ಮನೆಗಳಿಗೆ ಹೇಳಿದ್ದೀರಿ ಎಂದೆ. ಲೆಕ್ಕ ಇಟ್ಟಿಲ್ಲ, ಎಲ್ಲ ಅದರಲ್ಲೇ ಇತ್ತು ಎಂದು ಕಂಪ್ಯೂಟರಿನ ಕಡೆ ಕೈ ತೋರಿಸಿದರು.

ರೇಣುಕಾ ಕೊನೆಯ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಆ ಹೊತ್ತಿಗೆ ಗಂಡನ ಮನೆಯಲ್ಲಿದ್ದಳು. ಅವಳಪ್ಪ ಹೇಗಿದ್ದರೂ ಮದುವೆ ಮಾಡುತ್ತಿದ್ದರು ಎಂದು ವಾದಿಸಬಹುದು. ವಾದಿಸಿದ್ದೇನೆ, ನನ್ನೊಳಗೇ, ಪ್ರತಿಸಲ ಗೆದ್ದಿದ್ದೇನೆ. ಗೆದ್ದ ಮೇಲೂ — ಅವತ್ತಿನ ನನ್ನ ನಗು ಕಿವಿಯಿಂದ ಹೋಗುವುದಿಲ್ಲ.

ಸುಮ್ಮನೆ ಕೂರಲಿಲ್ಲ ಎಂಬುದು ನಿಜ. ಹಳೆಯ ಕಂಪ್ಯೂಟರ್ ಒಂದನ್ನು ಹುಡುಕಿ, ಮಾವನ ಬಳಿಯಿದ್ದ ಸಿ.ಡಿ.ಯಿಂದ ಅದೇ ಸಾಫ್ಟ್‌ವೇರನ್ನು ಹಾಕಿ ನೋಡಿದೆ. ಅದು ಪರವಾನಗಿಯ ಒಂದು ಸಂಖ್ಯೆ ಕೇಳಿತು. ಆ ಸಂಖ್ಯೆ ಕೊಡಬೇಕಾದವರ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸಾಫ್ಟ್‌ವೇರ್ ಹೋದರೂ ಮಾವನ ಬರಹವೆಲ್ಲ ಇರುವ ಕಡತ ಕಂಪ್ಯೂಟರಿನಲ್ಲಿ ಉಳಿದಿತ್ತು, ಈಗಲೂ ನನ್ನ ಬಳಿ ಇದೆ. ಆ ಸಾಫ್ಟ್‌ವೇರ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಗೆರೆ, ಚುಕ್ಕೆ.

ಮಾವ ಮಾತ್ರ ಬಂದವರ ಮುಂದೆಲ್ಲ ನನ್ನ ಪರ ನಿಂತರು. "ಅವಳು ಒಳ್ಳೇದಕ್ಕೇ ಮಾಡಿದ್ಲು, ನಾನೇ ಮುದುಕ, ಮುದಿ ಮಷೀನ್ ಇಟ್ಕಂಡಿದ್ದೆ" ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ನನಗೆ ಅಭ್ಯಾಸವೂ ಆಯಿತು, ಇದನ್ನೂ ಹೇಳಬೇಕು.

ಹೋದ ತಿಂಗಳು ಹೇಳಿದೆ. ಮೂರು ಸಾಲನ್ನೂ ಕನ್ನಡದಲ್ಲಿ ಹೇಳಿದೆ. ಫೋನಿನಲ್ಲಿ ಆಡಿದ್ದು ಸುಳ್ಳು ಎಂದೂ ಹೇಳಿದೆ. ಮಾವ ಸಿಟ್ಟಾಗಲಿಲ್ಲ. "ಹತ್ತು ದಿನ ಇತ್ತಾ?" ಎಂದರು. ಇತ್ತು ಎಂದೆ.

"ನಾ ನಾಲ್ಕನೇ ದಿನಕ್ಕೇ ಕೇಳಿದ್ನಲ್ಲೆ."

ಮಾವ ಎದ್ದು ಒಳಗೆ ಹೋದರು. ಅತ್ತೆ ತಟ್ಟೆ ಹಾಕಿ ಕರೆದರೂ ಊಟಕ್ಕೆ ಬರಲಿಲ್ಲ.

ಈಗ ಶನಿವಾರ ಶನಿವಾರ ಹೋಗುತ್ತೇನೆ. ಬಾ ಎಂದಿಲ್ಲ, ಬರಬೇಡ ಎಂದೂ ಇಲ್ಲ. ಮೊದಲಿನಂತೆ ಜಗಳವಿಲ್ಲ, ಬಸ್ಸಿನ ಮಾತೂ ಇಲ್ಲ. ಮಾವ ನೆನಪಾದ ಮನೆಗಳನ್ನು ಹೇಳುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ: ಹುಡುಗಿಯ ಹೆಸರು, ಊರು, ಯಾವ ದೋಷ, ಎಷ್ಟು ವರ್ಷ. ಹೋದ ವಾರ ತೊಗರ್ಸಿಯ ಒಂದು ಹುಡುಗಿಯ ಹೆಸರು ಹೇಳಿ ನಿಲ್ಲಿಸಿದರು. ಈಗ ಪಿಯುಸಿಯಂತೆ. ಅವಳಪ್ಪನಿಗೆ ಎಷ್ಟು ವರ್ಷ ತಡೀರಿ ಎಂದು ಹೇಳಿದ್ದರೋ, ಕಣ್ಣು ಮುಚ್ಚಿಕೊಂಡು ಯೋಚಿಸಿದರು, ಹೊಳೆಯಲಿಲ್ಲ.

"ಖಾಲಿ ಬಿಡು" ಎಂದರು.

ಬಿಟ್ಟೆ. ಬರುವ ವರ್ಷ ಅವಳಪ್ಪ ಮತ್ತೆ ಕೇಳಲು ಬರುತ್ತಾರಂತೆ.